ನೂರು ಅಡಿ ದೂರ

ಮನೆಯ ಕಂಪ್ಯೂಟರಿನಲ್ಲಿ ಹಾಡು ಮುದ್ರಿಸುವ ಹುಚ್ಚು ನನಗೆ ಹತ್ತಿದ್ದು 2009ರ ಬೇಸಿಗೆಯಲ್ಲಿ. ಅಕ್ಕ ಹದಿನೈದು ದಿನದ ಮಟ್ಟಿಗೆ ಧಾರವಾಡಕ್ಕೆ ಬಂದಿದ್ದಳು. ಅವಳ ಹಾಡು, ಅಪ್ಪನ ತಬಲಾ ಎರಡೂ ಒಂದೇ ಕಡೆ ಉಳಿಯಲಿ ಎಂಬುದು ನನ್ನ ಆಸೆ. ಆದರೆ ಅವಳು ಬಂದ ದಿನವೇ ಅಪ್ಪ ಜ್ವರ ಹಿಡಿದು ಮಲಗಿದರು. ಅವಳು ಹೊರಡುವವರೆಗೂ ಏಳಲಿಲ್ಲ.

ಮಲ್ಟಿಟ್ರ್ಯಾಕ್ ಎಂಬ ವಿದ್ಯೆ ಇರುವುದೇ ಇಂಥ ಪೇಚಿಗೆ. ಒಬ್ಬೊಬ್ಬರನ್ನು ಒಂದೊಂದು ಸಾಲಿನಲ್ಲಿ, ಬೇರೆ ಬೇರೆ ದಿನ ಹಿಡಿದಿಟ್ಟು ಆಮೇಲೆ ಕೂಡಿಸಬಹುದು. 1967ರಲ್ಲಿ ಹೊರಬಂದ ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್’ ಮುದ್ರಣವಾದದ್ದು ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರಗಳಲ್ಲಿ. ನಮ್ಮ ಮನೆಯ ಹಳೆಯ ಕಂಪ್ಯೂಟರು ಅದಕ್ಕಿಂತ ಹೆಚ್ಚಿನ ಭಾರ ಹೊರಬಲ್ಲದು. ಅಪ್ಪನಿಗೆ ಇದನ್ನು ವಿವರಿಸಿದೆ. ಅವರು ಒಂದು ಕಾಲದಲ್ಲಿ ಆಕಾಶವಾಣಿಗೆ ಸಾಥಿಗೆ ಹೋಗುತ್ತಿದ್ದವರು. ಅಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಒಂದೇ ಏಟಿಗೆ ಮುಗಿಸಬೇಕಾಗಿತ್ತು. “ಹಾಡಾಕಿ ಮುಂದ ಇಲ್ಲದ ಸಾಥಿ ಎಂಥಾದ್ದೋ?” ಎಂದರು.

ಹಿಂದಿನ ಕೋಣೆಯ ಗೋಡೆಗಳಿಗೆ ಅವ್ವನ ಕೌದಿಗಳನ್ನು ಇಳಿಬಿಟ್ಟೆ. ದನಿ ಗೋಡೆಗೆ ಬಡಿದು ಮರಳಬಾರದಲ್ಲ. ಕಂಪ್ಯೂಟರಿನ ಪೆಟ್ಟಿಗೆಯನ್ನು ಅದರ ಫ್ಯಾನಿನ ಗುಂಯ್ ಸದ್ದಿಗಾಗಿ ಪಕ್ಕದ ಕೋಣೆಗೆ ಸಾಗಿಸಿ, ತಂತಿಗಳನ್ನು ಬಾಗಿಲ ಕೆಳಗಿನಿಂದ ಎಳೆದೆ. ತಲೆಯ ಮೇಲಿನ ಫ್ಯಾನೂ ಬಂದ್. ಏಪ್ರಿಲ್ ತಿಂಗಳಲ್ಲಿ ಕೌದಿಗಳ ನಡುವೆ ಫ್ಯಾನಿಲ್ಲದೆ ಕೂತು ತೀನ್‌ತಾಲದ ದ್ರುತ್ ಹಾಡಿದ ಅಕ್ಕನನ್ನು ಮೆಚ್ಚಲೇಬೇಕು. ಕಿವಿಗೆ ತಾಳದ ಪೆಟ್ಟಿಗೆಯೊಂದನ್ನು ಹಚ್ಚಿಕೊಂಡು ಲಯ ಕಾಯ್ದುಕೊಂಡಳು. ನಡುನಡುವೆ ಕಂಪ್ಯೂಟರಿನಿಂದ ಒಗ್ಗರಣೆ ಸಿಡಿದಂತೆ ಚಟಪಟ ಸದ್ದು ಬರುತ್ತಿತ್ತು. ಸೆಟ್ಟಿಂಗ್ ತೆರೆದು ‘ಬಫರ್’ ಎಂಬುದನ್ನು 256ರಿಂದ 2048ಕ್ಕೆ ಏರಿಸಿದೆ. ಚಟಪಟ ನಿಂತಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ.

ಅಕ್ಕ ಹೋದ ಮೇಲೆ ಅಪ್ಪ ಕೂತರು. ಹೆಡ್‌ಫೋನಿನಲ್ಲಿ ಮಗಳ ಹಾಡು ಕೇಳುತ್ತ, ಕಣ್ಣು ಮುಚ್ಚಿ ಬಾರಿಸಿದರು. ಆಮೇಲೆ ಎರಡನ್ನೂ ಕೂಡಿಸಿ ಹಚ್ಚಿದೆ. ಪ್ರತಿ ಸಮವೂ ತಡವಾಗಿ ಬೀಳುತ್ತಿತ್ತು. ಮತ್ತೊಮ್ಮೆ ಬಾರಿಸಿದರು. ಮತ್ತೆ ಹಾಗೇ.

“ಕೈ ಹಿಂದ ಬೀಳಾಕತ್ತೈತಿ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಬಾರಿಸುವಾಗ ನನಗ ಗೊತ್ತ ಆಗಲಿಲ್ಲಲ್ಲೋ” ಎಂದರು. ಅವರನ್ನು ಹೆದರಿಸಿದ್ದು ಅದು. ತಬಲಾ ಡಗ್ಗಾಗಳಿಗೆ ಗವಸಣಿ ಹಾಕಿ ಕಪಾಟಿನ ಮೇಲಿಟ್ಟರು. ನಾನು ಬೇಡವೆನ್ನಲಿಲ್ಲ. ಎಪ್ಪತ್ನಾಲ್ಕು ವಯಸ್ಸು, ಮೇಲೆ ಜ್ವರದ ನಿಶ್ಶಕ್ತಿ, ಸಹಜವೇ ಅಂದುಕೊಂಡೆ. ಅಕ್ಕನಿಗೆ ಫೋನು ಮಾಡಿ, ತಾಳದ ಪೆಟ್ಟಿಗೆಯ ಠೇಕಾನೇ ಹಾಕಿಬಿಡೋಣ ಎಂದೂ ಹೇಳಿದೆ. ಅದನ್ನು ನೆನೆದರೆ ಈಗಲೂ ನಾಚಿಕೆ.

ನಾಲ್ಕಾರು ದಿನದ ಮೇಲೆ ಒಂದು ರಾತ್ರಿ ಪರದೆಯ ಮೇಲೆ ದನಿಯ ಗೆರೆಗಳನ್ನು ಹಿಗ್ಗಿಸಿ ನೋಡುತ್ತಿದ್ದೆ. ಹಾಡಿನ ಸಮಕ್ಕೂ ತಬಲೆಯ ಸಮಕ್ಕೂ ನಡುವಿನ ಸಂದು ಮೊದಲಲ್ಲಿ ಎಷ್ಟೋ ಕೊನೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಸೋತ ಕೈ ಇಷ್ಟು ನಿಯಮದಿಂದ ಸೋಲುತ್ತದೆಯೇ? ಎದ್ದು, ಹೆಡ್‌ಫೋನನ್ನು ಮೈಕಿನ ಬಾಯಿಗೆ ಒತ್ತಿಹಿಡಿದು, ಕಂಪ್ಯೂಟರು ತಾನೇ ಹೊರಡಿಸಿದ ಟಿಕ್ ಸದ್ದನ್ನು ತಾನೇ ಮುದ್ರಿಸಿಕೊಳ್ಳುವಂತೆ ಮಾಡಿದೆ. ಅದೂ ಅಷ್ಟೇ ತಡ!

ಲೆಕ್ಕ ಸರಳವಾಗಿತ್ತು. ಕಂಪ್ಯೂಟರು ಒಂದು ಸೆಕೆಂಡಿನ ದನಿಯನ್ನು 44,100 ಚೂರು ಮಾಡುತ್ತದೆ. 2048 ಚೂರು ಕೂಡಿದ ಮೇಲೆಯೇ ಒಂದು ಕಂತು ಮುಂದೆ ಸಾಗಿಸು ಎಂದು ನಾನೇ ಅಪ್ಪಣೆ ಕೊಟ್ಟಿದ್ದೆ. ಹಾಡು ಹೊರಗೆ ಬರಲು 46 ಮಿಲಿಸೆಕೆಂಡು, ತಬಲಾ ಒಳಗೆ ಹೋಗಲು ಮತ್ತೆ 46. ದನಿ ಗಾಳಿಯಲ್ಲಿ ಅಷ್ಟು ಹೊತ್ತಿಗೆ ನೂರು ಅಡಿ ನಡೆದಿರುತ್ತದೆ. ಅಪ್ಪನ ತಬಲೆಯನ್ನು ನಾನು ನೂರು ಅಡಿ ದೂರ ಒಯ್ದು ಇಟ್ಟಿದ್ದೆ. ಅಕ್ಕ ಹಾಡಿದ ಲಯದಲ್ಲಿ ಮಾತ್ರೆಗೆ ಕಾಲು ಸೆಕೆಂಡು. ಅದರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಈ ತಡವೇ ತಿಂದಿತ್ತು.

ಬೆಳಿಗ್ಗೆ ಹೇಳಿದರೆ ಅಪ್ಪ ನಂಬಲಿಲ್ಲ. “ನನ್ನ ಸಮಾಧಾನಕ್ಕ ಹೇಳಬ್ಯಾಡ” ಎಂದರು. ಕೈಹಿಡಿದು ಕರೆತಂದು ಕೂಡಿಸಿದೆ. ಅವರ ಕಣ್ಣೆದುರೇ ತಬಲೆಯ ಸಾಲನ್ನು ಅಷ್ಟೇ ಅಳತೆ ಹಿಂದಕ್ಕೆ ಸರಿಸಿ ಹಚ್ಚಿದೆ. ಮೊದಲ ಸಮಕ್ಕೆ ಅವರ ತಲೆ ತಾನಾಗಿ ತೂಗಿತು. ಕೊನೆಯವರೆಗೂ ಮಾತಾಡಲಿಲ್ಲ. ಆಮೇಲೆ, “ನಡುವ ಒಂದು ತಿಹಾಯಿ ಐತಲ್ಲ, ಅದನ್ನ ಮತ್ತ ಹಚ್ಚು” ಎಂದರು. ಹಚ್ಚಿದೆ.

“ಅಲ್ಲಿ ತಪ್ಪೈತಿ. ಅದು ಮಷೀನಿಂದಲ್ಲ, ನಂದು. ಅದನ್ನ ಸರಸಬ್ಯಾಡ” ಎಂದು, ಕಪಾಟಿನ ಮೇಲಿದ್ದುದನ್ನು ಇಳಿಸಿಕೊಡಲು ಹೇಳಿದರು. ಸುತ್ತಿಗೆ ಎಲ್ಲಿಟ್ಟಿದ್ದರೋ, ಅರ್ಧ ತಾಸು ಹುಡುಕಬೇಕಾಯಿತು.