ಮೊಗೆಯುವ ಕೈ

ತೆಪ್ಪದೊಳಗೆ ನೀರು ಜಿನುಗತೊಡಗಿದರೆ ಇರುವುದು ಎರಡೇ ದಾರಿ. ಒಂದು, ಡಬ್ಬಿ ಹಿಡಿದು ಮೊಗೆದು ಹೊರಗೆ ಚೆಲ್ಲುವುದು. ಇನ್ನೊಂದು, ದಡಕ್ಕೆ ಎಳೆದು, ಒಣಗಿಸಿ, ತೂತು ಹುಡುಕುವುದು. ಮೊದಲನೆಯದರಲ್ಲಿ ಸವಾರಿ ನಿಲ್ಲುವುದಿಲ್ಲ. ಎರಡನೆಯದರಲ್ಲಿ ಅವತ್ತಿನ ಸಂಪಾದನೆ ಹೋಗುತ್ತದೆ. ನಾನು ಮೊದಲಿನಿಂದಲೂ ಮೊಗೆಯುವವನು. ಅದು ನನಗೆ ತಿಳಿದದ್ದು ಹೊಗೇನಕಲ್ಲಿನಲ್ಲಿ ಹುಟ್ಟು ಹಾಕುವ ನಮ್ಮ ಸೋದರಮಾವನ ಜೊತೆ ಒಂದು ದಿನ ದಡದಲ್ಲಿ ಕೂತಾಗ.

ಹೊಸೂರಿನಿಂದ ದೇನಕನಿಕೋಟೆ, ಅಂಚೆಟ್ಟಿ ದಾಟಿ ಕಾಡಿನ ತಿರುವುಗಳಲ್ಲಿ ಇಳಿದರೆ ಕಾವೇರಿ ಸಿಗುತ್ತಾಳೆ. ಹೊಗೇನಕಲ್ ಇರುವುದು ಪಕ್ಕದ ಧರ್ಮಪುರಿ ಜಿಲ್ಲೆಯಲ್ಲಿ. ಆಚೆ ದಡ ಕರ್ನಾಟಕ. ಬಿದಿರಿನ ಸೀಳುಗಳನ್ನು ಹೆಣೆದ ದುಂಡನೆಯ ಬುಟ್ಟಿಯೇ ಇಲ್ಲಿನ ತೆಪ್ಪ. ಹಿಂದೆ ಅದಕ್ಕೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ವಿಜಯನಗರಕ್ಕೆ 1520ರ ಸುಮಾರಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತೊಗಲು ಹೊದಿಸಿದ ಇಂಥವೇ ದುಂಡು ದೋಣಿಗಳು ಹದಿನೈದಿಪ್ಪತ್ತು ಜನರನ್ನು ಹೊತ್ತು ಗಿರಗಿರನೆ ತಿರುಗುತ್ತಾ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಐನೂರು ವರ್ಷಗಳಲ್ಲಿ ಹೊದಿಕೆ ಬದಲಾಗಿದೆ, ಸೋರುವುದು ಬದಲಾಗಿಲ್ಲ. ತಳ ಬಂಡೆಗೆ ಉಜ್ಜುತ್ತದೆ. ದಡದಲ್ಲಿ ಬೋರಲು ಹಾಕಿದಾಗ ಬಿಸಿಲಿಗೆ ಡಾಂಬರು ಬಿರಿಯುತ್ತದೆ.

ಅವತ್ತು ನೀರು ಕಂಡ ಕೂಡಲೇ ನನ್ನ ಕೈ ಡಬ್ಬಿಗೆ ಹೋಯಿತು. ಮಾವ ತಡೆದರು. “ಮೊಗೆದಷ್ಟೂ ಬರ್ತದೆ. ಮೊದ್ಲು ಒಣಗ್ಲಿ ಬಿಡಪ್ಪ, ಆಮೇಲೆ ಎಲ್ಲಿ ಮೊದ್ಲು ಒದ್ದೆ ಆಗ್ತದೋ ನೋಡುವಂತೆ,” ಎಂದರು. ಹಾಳೆಗೂ ಬಿದಿರಿಗೂ ನಡುವೆ ಹೊಕ್ಕ ನೀರು ಸೀಳುಗಳ ಗುಂಟ ಜಾರಿ ತೆಪ್ಪದ ನಟ್ಟನಡುವೆ ಬಂದು ನಿಲ್ಲುತ್ತದೆ. ತೂತು ಮಾತ್ರ ಯಾವುದೋ ಅಂಚಿನಲ್ಲಿ ಇರುತ್ತದೆ. ಒಳಗೆಲ್ಲ ಒಣಬಟ್ಟೆಯಲ್ಲಿ ಒರೆಸಿ, ತೆಪ್ಪವನ್ನು ಕಲ್ಲುಗಳ ಮೇಲೆ ಏರಿಸಿ, ಒಂದು ಮಗ್ಗುಲಿಗೆ ವಾಲಿಸಿ ಒಳಗೆ ನೀರು ಸುರಿದು, ಹೊರಗೆ ಎಲ್ಲಿ ತೊಟ್ಟಿಕ್ಕುತ್ತದೆ ಎಂದು ನೋಡಿದೆವು. ಮತ್ತೊಂದು ಮಗ್ಗುಲಿಗೆ ವಾಲಿಸಿದೆವು. ಸಿಕ್ಕ ಮೇಲೂ ಮಾವ ಆತುರಪಡಲಿಲ್ಲ. ಒದ್ದೆಯ ಮೇಲೆ ಡಾಂಬರು ಕೂರುವುದಿಲ್ಲ.

ಹಾಯಿದೋಣಿಯಲ್ಲಿ ಕಡಲು ಸುತ್ತುವವರ ಪದ್ಧತಿಯೂ ಹೀಗೇ. ತಳದಲ್ಲಿ ನೀರು ಕಂಡರೆ ಮೊದಲು ಬೆರಳದ್ದಿ ನಾಲಿಗೆಗೆ ಇಟ್ಟು ನೋಡುತ್ತಾರೆ. ಉಪ್ಪಾದರೆ ಕಡಲಿನದು: ಪ್ರೊಪೆಲರ್ ದಂಡ ಹೊರಬೀಳುವ ಸಂದಿ, ತಳದ ಕೊಳವೆಗಳ ಕಿಂಡಿ, ಅಡಿಭಾರ ಬಿಗಿದ ಬೋಲ್ಟು ಇವನ್ನು ನೋಡಬೇಕು. ಸಪ್ಪೆಯಾದರೆ ಮಳೆಯದು, ಇಲ್ಲವೇ ಕುಡಿಯುವ ನೀರಿನ ತೊಟ್ಟಿಯದು: ತೊಟ್ಟಿಯ ಜೊತೆಗೆ ಕಿಟಕಿಯ ಅಂಚು, ಮೇಲ್ಹಲಗೆಗೆ ಬೋಲ್ಟು ಕೂರಿಸಿದ ತೂತುಗಳನ್ನೂ ಹುಡುಕಬೇಕು. ಆಮೇಲೆ ತಳ ಒರೆಸಿ ಪೌಡರ್ ಉದುರಿಸುತ್ತಾರೆ. ನೀರು ಬಂದ ದಾರಿ ಪುಡಿಯ ಮೇಲೆ ಮೂಡುತ್ತದೆ.

ಇದು ನನಗೆ ಗೊತ್ತಿಲ್ಲದ ವಿದ್ಯೆಯಲ್ಲ. ಹೊಸೂರಿನ ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿಯೇ ನನ್ನ ಕೆಲಸ. ಗಾಳಿಯ ಪೈಪು ಸೋರಿದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತದೆಂದು ತಾಳ್ಮೆಯಿಂದ ನೋಡುತ್ತೇನೆ. ಈ ತಾಳ್ಮೆ ಮನೆಯ ಹೊಸ್ತಿಲು ದಾಟಿ ಯಾಕೆ ಒಳಗೆ ಬರಲಿಲ್ಲ?

ಊರಲ್ಲಿ ರಾಗಿ ಹೊಲ ನೋಡಿಕೊಳ್ಳುವ ತಮ್ಮನಿದ್ದಾನೆ. ಹಬ್ಬಕ್ಕೆ ಹೋದಾಗಲೆಲ್ಲ ಯಾವುದೋ ಸಣ್ಣ ಮಾತಿಗೆ ಮನಸ್ತಾಪ. ಕೂಡಲೇ ನಾನು ಮಕ್ಕಳ ಫೀಸಿಗೆಂದು ದುಡ್ಡು ಕೊಡುತ್ತಿದ್ದೆ, ಬಟ್ಟೆ ತರುತ್ತಿದ್ದೆ. ಅವನು ಸುಮ್ಮನಾಗುತ್ತಿದ್ದ. ಅಣ್ಣ ಅಂದರೆ ಹೀಗಿರಬೇಕು ಎಂದು ನೆಂಟರು ಹೊಗಳುತ್ತಿದ್ದರು. ಆ ಹೊಗಳಿಕೆ ನನಗೆ ಬೇಕಿತ್ತು. ಮೊಗೆಯುವವನ ಬೆವರು ಎಲ್ಲರಿಗೂ ಕಾಣುತ್ತದೆ. ತೂತು ಹುಡುಕುತ್ತಾ ಸುಮ್ಮನೆ ಕೂತವನು ಸೋಮಾರಿಯಂತೆ ಕಾಣುತ್ತಾನೆ, ಜೊತೆಗೆ ಏನು ಕಾಣಬೇಕಾದೀತೋ ಎಂಬ ಅಂಜಿಕೆ ಬೇರೆ. ನನ್ನ ಔದಾರ್ಯದೊಳಗೆ ಆ ಅಂಜಿಕೆಯೂ ಇತ್ತು.

ಮಾವನ ಜೊತೆ ಕೂತ ಮೇಲೆ, ಜಗಳವಿಲ್ಲದ ಒಂದು ದಿನ ಊರಿಗೆ ಹೋದೆ. ಈ ಸಲದ ಮಾತು ಬಿಟ್ಟು, ಬೇಜಾರು ಮೊದಲು ಶುರುವಾದದ್ದು ಎಲ್ಲಿ ಎಂದು ತಮ್ಮನನ್ನು ಕೇಳಿದೆ. ಬಹಳ ಹೊತ್ತಿನ ಮೇಲೆ ಅವನು, “ಅಣ್ಣಾ, ದುಡ್ಡು ಬೇಡ. ಹೊಲದ ವಿಚಾರ ಬಂದಾಗ ನನ್ನನ್ನೂ ಒಂದು ಮಾತು ಕೇಳು,” ಎಂದ. ಅಪ್ಪ ನನ್ನನ್ನು ಹೊಸೂರಿಗೆ ಓದಲು ಕಳಿಸಿ, ಅವನನ್ನು ಹೊಲಕ್ಕೆ ಇಟ್ಟುಕೊಂಡರು. ಅಂದಿನಿಂದ ಓದಿದವನು ತೀರ್ಮಾನಿಸುವುದು, ಉಳುವವನು ಕೇಳುವುದು ಎಂದಾಯಿತು. ನಾನು ಕೊಟ್ಟ ಪ್ರತಿ ನೋಟೂ ಅದನ್ನೇ ಅವನಿಗೆ ನೆನಪಿಸುತ್ತಿತ್ತು. ಅಂದರೆ ಮೊಗೆಯುವ ಕೈಯೇ ತೂತನ್ನು ಹಿಗ್ಗಿಸುತ್ತಿತ್ತು.

ತೆಪ್ಪವನ್ನು ದಡಕ್ಕೆ ಎಳೆಯಬಹುದು, ಅಣೆಕಟ್ಟನ್ನು ಎಳೆಯಲಾಗದು. ನಮ್ಮ ಕೃಷ್ಣಗಿರಿ ಅಣೆಕಟ್ಟಿನ ಒಂದು ಗೇಟು 2017ರ ನವೆಂಬರಿನಲ್ಲಿ ಮುರಿಯಿತು. ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು 2024ರ ಆಗಸ್ಟ್ 10ರ ರಾತ್ರಿ ತುಂಡಾಯಿತು. ಎರಡೂ 1950ರ ದಶಕದ ಕಟ್ಟೆಗಳು. ತುಂಗಭದ್ರೆಯಲ್ಲಿ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು, ಕೂಡಿಟ್ಟ ನೀರನ್ನು ಹೊಳೆಗೆ ಬಿಟ್ಟು, ಹರಿಯುವ ನೀರಿನಲ್ಲೇ ತಡೆಹಲಗೆ ಇಳಿಸಬೇಕಾಯಿತು. ಕೈಮೀರಿದ ಮೇಲೆ ರಿಪೇರಿಗೆ ತೆರುವ ಬೆಲೆ ಅಷ್ಟು ದೊಡ್ಡದು. ಸಂಬಂಧಗಳಿಗೂ ಈ ಮಾತು ಸಲ್ಲುತ್ತದೆ.

ತಮ್ಮನ ಮನಸ್ಸು ಪೂರ್ತಿ ತಿಳಿಯಾಗಿದೆ ಎಂದು ಹೇಳಲಾರೆ. ಈಗ ಹೊಲದ ಮಾತು ಬಂದರೆ ಮೊದಲು ಅವನಿಗೆ ಫೋನು ಮಾಡುತ್ತೇನೆ. ಅವನು ಬೇಡವೆಂದರೆ ನಿಲ್ಲಿಸುತ್ತೇನೆ. ನಿಮ್ಮ ಮನೆಯಲ್ಲೂ ಒಂದೇ ಬೇಜಾರು ಮತ್ತೆ ಮತ್ತೆ ಬರುತ್ತಿದ್ದರೆ, ದಯವಿಟ್ಟು ಸಮಾಧಾನದ ಡಬ್ಬಿಯನ್ನು ಸ್ವಲ್ಪ ಹೊತ್ತು ಕೆಳಗಿಡಿ. ಒಂದು ದಿನದ ಸಂಪಾದನೆ ಹೋದರೆ ಹೋಗಲಿ. ಕೋಪ ಆರಿದ ಹೊತ್ತು ನೋಡಿ, ಎದುರಿಗೆ ಕೂತು, ಮೊದಲು ನೋವಾದದ್ದು ಎಲ್ಲಿ ಎಂದು ಕೇಳಿ.