ಸೊನ್ನೆಯಿಂದ ಎಣಿಸಿ

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ. ಪಿಯುಸಿಗೆ ಬಂದೊಡನೆ ಸರಳ ಲೋಲಕ ‘ಸಿಂಪಲ್ ಪೆಂಡ್ಯುಲಂ’ ಆಗಿಬಿಟ್ಟಿತು! ಅರ್ಧ ಅಂಜಿಕೆ ಅಲ್ಲಿಯದೇ.

ಗುಂಡಿನ ಕೇಂದ್ರದವರೆಗೆ ಒಂದು ಮೀಟರ್ ಉದ್ದ. ಇಪ್ಪತ್ತು ಆಂದೋಲನಗಳಿಗೆ ಸುಮಾರು 40 ಸೆಕೆಂಡು ಬೇಕು. ಅವನಿಗೆ ಬಂದದ್ದು 38. ಲೆಕ್ಕ ಮಾಡಿದರೆ ಗುರುತ್ವ ವೇಗೋತ್ಕರ್ಷ 10.9. ಪುಸ್ತಕದಲ್ಲಿ 9.8! ಅಳಿಸಿ, ಅದನ್ನೇ ಬರೆದ. ಹಾಗೆ ಬರೆಯದ ಮಕ್ಕಳು ಎಷ್ಟಿದ್ದಾರು? ಮನೆಯಲ್ಲಿ ಕೇಳುವುದೂ ಅಂಕವನ್ನೇ ತಾನೆ.

ಸಾಮಾನು ಎತ್ತಿಡುತ್ತಿದ್ದ ಅಟೆಂಡರ್ ಕೇಳಿದರು: ‘ಎಣಿಕೆ ಎಲ್ಲಿಂದ ಶುರು ಮಾಡ್ದೆ ಮಗಾ?’

ಗಡಿಯಾರ ಒತ್ತಿದಾಗಲೇ ಹುಡುಗ ‘ಒಂದು’ ಎಂದಿದ್ದ. ಎಣಿಸಿದ್ದು ಇಪ್ಪತ್ತು, ಆಗಿದ್ದು ಹತ್ತೊಂಬತ್ತು.

ಮರುದಿನ ಸೊನ್ನೆಯಿಂದ ಎಣಿಸಿದ. 40 ಸೆಕೆಂಡು, ಉತ್ತರ 9.87. ರೆಕಾರ್ಡಿನಲ್ಲಿ ಹಳೆಯ 10.9ನ್ನೂ ಮತ್ತೆ ಬರೆದು, ಪಕ್ಕದಲ್ಲಿ ಅದರ ಕಾರಣವನ್ನು ತನ್ನ ತೊದಲು ಇಂಗ್ಲಿಷಿನಲ್ಲೇ ಸೇರಿಸಿದ.