ಎದುರಾಳಿ ಕೊಟ್ಟ ನಕಲ್

ಬ್ಲಾಗಿಗೆ ಧೂಳು ಹಿಡಿದು ಮೂರು ತಿಂಗಳಾಯ್ತು. "ಎಲ್ಲಿ ಹೋದ್ರಿ ಮಾರಾಯ್ರೆ, ಬದುಕಿದ್ದೀರೋ ಇಲ್ವೋ" ಅಂತ ಇಬ್ಬರು ಬ್ಲಾಗಿಗ ಮಿತ್ರರು ಮೇಲ್ ಹಾಕಿದ್ದರು. ಬದುಕಿದ್ದೇನೆ. ಕಾರ್ ರೇಸಿಗೆ ಹೋಗಿದ್ದೆ. ನಗಬೇಡಿ, ಕಾರು ಓಡಿಸೋಕಲ್ಲ, ಬೋಲ್ಟು ಬಿಚ್ಚೋಕೆ.

ರೇಸು ಅಂದ ತಕ್ಷಣ ಟೀವಿಯಲ್ಲಿ ಬರುವ ಫಾರ್ಮುಲಾ ಒನ್ ನೆನಪಾದರೆ ಅದನ್ನು ಮೊದಲು ಮರೆತುಬಿಡಿ. ನಾನು ಹೋಗಿದ್ದು ಬಡವರ ರೇಸಿಗೆ. ಅಮೆರಿಕದವರ ಆಡುಮಾತಿನಲ್ಲಿ 'ಲೆಮನ್' ಅಂದರೆ ಕೊಂಡ ದಿನದಿಂದಲೇ ಕೈಕೊಡುವ ಕಾರು. ಫ್ರಾನ್ಸಿನಲ್ಲಿ 1923ರಿಂದ 'ಲ ಮಾನ್ಸ್' ಅನ್ನುವ 24 ಗಂಟೆಗಳ ದೊಡ್ಡ ರೇಸು ನಡೆಯುತ್ತಿದೆಯಲ್ಲ, ಅದನ್ನು ಅಣಕಿಸಿ ಜೇ ಲ್ಯಾಮ್ ಎಂಬ ಪುಣ್ಯಾತ್ಮ 2006ರಲ್ಲಿ ಇಲ್ಲೇ ಕ್ಯಾಲಿಫೋರ್ನಿಯಾದಲ್ಲಿ '24 ಅವರ್ಸ್ ಆಫ್ ಲೆಮನ್ಸ್' ಶುರು ಮಾಡಿದ. ನಿಯಮ ಸರಳ. ಕಾರಿನ ಬೆಲೆ 500 ಡಾಲರ್ ದಾಟಬಾರದು. ಒಳಗಿನ ಕಬ್ಬಿಣದ ಪಂಜರ, ಸೀಟು, ಬೆಲ್ಟು, ಬ್ರೇಕು, ಟೈರು ಇವೆಲ್ಲ ಜೀವ ಉಳಿಸುವ ಸಾಮಾನು, ಹಾಗಾಗಿ ಆ ಲೆಕ್ಕಕ್ಕೆ ಬರಲ್ಲ. ಹೆಸರಿನಲ್ಲಿ 24 ಗಂಟೆ ಇದ್ದರೂ ಸಾಮಾನ್ಯವಾಗಿ ಶನಿವಾರ, ಭಾನುವಾರ ಹಗಲು ಹೊತ್ತು ಓಡಿಸುತ್ತಾರೆ. ಯಾರು ಹೆಚ್ಚು ಸುತ್ತು ಹಾಕಿದರೋ ಅವರು ಗೆದ್ದಂತೆ. ಕಾರು 500 ಡಾಲರಿನದ್ದೇ ಅಂತ ಜಡ್ಜುಗಳನ್ನು ನಂಬಿಸಬೇಕು, ನಂಬಿಸೋಕೆ ತಿಂಡಿ-ತೀರ್ಥದ ಲಂಚ ಕೊಡೋದಕ್ಕೂ ಅಡ್ಡಿಯಿಲ್ಲ. ಆಮೇಲೆ ಕಾರುಗಳನ್ನು 'ಗುಡ್', 'ಬ್ಯಾಡ್', 'ಅಗ್ಲಿ' ಅಂತ ಎ, ಬಿ, ಸಿ ಎಂಬ ಮೂರು ಕ್ಲಾಸಿಗೆ ಹಂಚುತ್ತಾರೆ. ನಮ್ಮದು ಬಿ :)

ನಮ್ಮ ಟೀಮಿನಲ್ಲಿ ಆಫೀಸಿನ ನಾಲ್ವರು ಡ್ರೈವರುಗಳು, ಮತ್ತೆ ನಾನು. ಕಾರು 1993ರ ಹೋಂಡಾ ಸಿವಿಕ್. ನನ್ನನ್ನು ಸೇರಿಸಿಕೊಂಡಿದ್ದಕ್ಕೆ ಒಂದೇ ಕಾರಣ, ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. ನಮ್ಮ ಕಾಲದ ಮೆಕ್ಯಾನಿಕಲ್ ಓದು ನಿಮಗೆ ಗೊತ್ತಲ್ಲ. ನಾಲ್ಕು ವರ್ಷ ಇಂಜಿನ್ನಿನ ಚಿತ್ರ ಬರೆಯೋದು, ಕ್ಯಾಂಪಸ್ ಇಂಟರ್ವ್ಯೂನಲ್ಲಿ ಸಾಫ್ಟ್‌ವೇರಿಗೆ ಹಾರೋದು. ಬೇರಿಂಗಿನ ಆಯುಸ್ಸು ಲೆಕ್ಕ ಹಾಕೋದು ನನಗೆ ಗೊತ್ತಿತ್ತು. ಹಾಳಾದ ಬೇರಿಂಗನ್ನು ಕೈಯಲ್ಲಿ ಹಿಡಿದಿದ್ದು ಮಾತ್ರ ಇದೇ ಮೊದಲು.

ಥಂಡರ್‌ಹಿಲ್ ಅನ್ನೋ ಆ ಟ್ರ್ಯಾಕು ವಿಲೋಸ್ ಎಂಬ ಪುಟ್ಟ ಊರಿನ ಹತ್ತಿರ ಇದೆ, ಸ್ಯಾಕ್ರಮೆಂಟೊ ದಾಟಿ ಇನ್ನೂ ಉತ್ತರಕ್ಕೆ. ಸುತ್ತ ಒಣಹುಲ್ಲಿನ ಬೋಳುಗುಡ್ಡ, ಮಧ್ಯೆ 15 ತಿರುವುಗಳ 3 ಮೈಲಿ ಟ್ರ್ಯಾಕು. ಪಕ್ಕದ ಬಯಲಿಗೆ ಪ್ಯಾಡಾಕ್ ಅಂತಾರೆ. ಟೀಮುಗಳೆಲ್ಲ ಅಲ್ಲಿ ಟೆಂಟು ಹೊಡೆದು ಸಾಮಾನು ಹರಡಿಕೊಂಡು ಕೂರುತ್ತವೆ. ನೂರರ ಹತ್ತಿರ ಕಾರು, ಬಗೆಬಗೆಯ ವೇಷ, ಸುಟ್ಟ ಮಾಂಸದ ಹೊಗೆ, ಮೈಕಿನ ಗಲಾಟೆ. ಥೇಟ್ ನಮ್ಮೂರ ಜಾತ್ರೆ.

ಶನಿವಾರ ಮಧ್ಯಾಹ್ನ ಎರಡರ ಹೊತ್ತಿಗೆ ನಮ್ಮ ಡ್ರೈವರ್ ರೇಡಿಯೋದಲ್ಲಿ, ಬಲಕ್ಕೆ ತಿರುಗಿದಾಗೆಲ್ಲ ಮುಂದಿನ ಚಕ್ರ 'ಗೊಂಯ್' ಅಂತಿದೆ ಅಂದ. ಬಲಕ್ಕೆ ತಿರುಗುವಾಗ ಕಾರಿನ ಭಾರ ಎಡಕ್ಕೆ ಬೀಳುತ್ತೆ, ಹಾಗಾಗಿ ಅನುಮಾನ ಎಡಗಡೆ ಚಕ್ರದ ಮೇಲೆ. ಒಳಗೆ ಕರೆಸಿ, ಜಾಕ್ ಎತ್ತಿ, ಚಕ್ರದ ಮೇಲೊಂದು ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದರೆ ಆರು ವರ್ಷದ ಹುಡುಗನ ಹಾಲುಹಲ್ಲಿನ ಹಾಗೆ ಅಲ್ಲಾಡಿತು. ಬೇರಿಂಗ್ ಹೋಗಿತ್ತು. ಹಾಗೇ ಓಡಿಸಿದರೆ ಚಕ್ರವೇ ಕಳಚಿಕೊಳ್ಳಬಹುದು.

ನಮ್ಮ ಡಬ್ಬದಲ್ಲಿ ಹೊಸ ಬೇರಿಂಗ್ ಇತ್ತು. ಆದರೆ ಇದು ಸೈಕಲ್ ಬೇರಿಂಗಿನ ಹಾಗೆ ಕೈಯಲ್ಲಿ ಹಾಕುವಂಥದ್ದಲ್ಲ. ಚಕ್ರವನ್ನೂ ಸಸ್ಪೆನ್ಷನ್ನನ್ನೂ ಸೇರಿಸಿ ಹಿಡಿಯುವ ಗಟ್ಟಿ ಕಬ್ಬಿಣದ ತುಂಡು ಒಂದಿದೆ, ಅದಕ್ಕೆ ನಕಲ್ ಅಂತಾರೆ (ಪರೀಕ್ಷೆಯಲ್ಲಿ ಹೊಡೆಯೋ ನಕಲಲ್ಲ ಮತ್ತೆ). ಅದರೊಳಗೆ ಬೇರಿಂಗನ್ನು ಟನ್ನುಗಟ್ಟಲೆ ಒತ್ತಡದಲ್ಲಿ ಕೂರಿಸಿರುತ್ತಾರೆ. ತೆಗೆಯೋಕೆ, ಕೂರಿಸೋಕೆ ಹೈಡ್ರಾಲಿಕ್ ಪ್ರೆಸ್ ಬೇಕು. ನಮ್ಮಲ್ಲಿ ಇರಲಿಲ್ಲ.

ಕ್ಯಾಪ್ಟನ್ ನನ್ನ ಕಡೆ ತಿರುಗಿ "ಹೋಗಿ ಕೇಳ್ಕೊಂಡು ಬಾ" ಅಂದ.

"ಯಾರನ್ನ?"

"ಎಲ್ಲರನ್ನೂ."

ನನಗೆ ಕಾಲೇ ಬರಲಿಲ್ಲ ಅಂತೀನಿ. ಗುರುತಿಲ್ಲದವರ ಟೆಂಟಿಗೆ ನುಗ್ಗಿ, ಅದೂ ನಾವು ಸೋಲಿಸಬೇಕು ಅಂತಿರುವವರ ಹತ್ತಿರ, 'ನಮ್ಮದು ಕೆಟ್ಟಿದೆ, ನಿಮ್ಮದು ಕೊಡಿ' ಅನ್ನೋದು ಹೇಗೆ? ಯಾರೆದುರೂ ಕೈಚಾಚಬಾರದು ಅಂತ ಕೇಳುತ್ತಾ ಬೆಳೆದವರು ನಾವು. ಆದರೂ ಹೊರಟೆ. ಮೊದಲ ಟೆಂಟಿನಲ್ಲಿ ಪ್ರೆಸ್ ಇರಲಿಲ್ಲ, ಆದರೆ ಹಾಗಂತ ಹೇಳಿ ಅವರು ಸುಮ್ಮನಾಗಲಿಲ್ಲ. ಒಬ್ಬ ನನ್ನ ಜೊತೆಗೇ ಹೊರಟ. ಎರಡನೇ ಟೆಂಟಿನವರು "ಆ ಕೊನೇಲಿ ಹಳದಿ ಸಿವಿಕ್ ಇದೆ, ಅವರ ಹತ್ರ ನಕಲೇ ಇರಬಹುದು" ಅಂದರು. ಹಳದಿ ಸಿವಿಕ್ ಹತ್ತಿರ ಹೋಗುವಷ್ಟರಲ್ಲಿ ನಾವು ನಾಲ್ಕು ಜನ ಆಗಿದ್ದೆವು!

ಆ ಟೀಮಿನ ಹಿರಿಯರಿಗೆ ಅರವತ್ತರ ಆಸುಪಾಸು. ಅವರದ್ದೂ ಬಿ ಕ್ಲಾಸು, ನಮಗಿಂತ ಬರೀ ನಾಲ್ಕು ಸುತ್ತು ಹಿಂದಿದ್ದರು. ನಾನು ಪೂರ್ತಿ ಹೇಳಿ ಮುಗಿಸುವ ಮೊದಲೇ ಟ್ರೈಲರಿನೊಳಗೆ ಹೋಗಿ ಬೇರಿಂಗ್, ಹಬ್ ಎಲ್ಲ ಕೂರಿಸಿಟ್ಟಿದ್ದ ಇಡೀ ನಕಲ್ ಎತ್ತಿಕೊಂಡು ಬಂದರು. ಹೆಸರು ಕೇಳಲಿಲ್ಲ, ಫೋನ್ ನಂಬರ್ ಕೇಳಲಿಲ್ಲ, ದುಡ್ಡಿನ ಮಾತಂತೂ ಇಲ್ಲವೇ ಇಲ್ಲ. ಕೇಳಿದ್ದು ಒಂದೇ, "ಆಕ್ಸಲ್ ನಟ್ ಸಡಿಲ ಮಾಡಿದ್ದೀರಾ, ಇಲ್ಲ ಕಾರು ಆಗಲೇ ಎತ್ತಿಬಿಟ್ಟಿದ್ದೀರಾ?"

ಎತ್ತಿಬಿಟ್ಟಿದ್ದೆವು. ಆ ನಟ್ ಎಷ್ಟು ಬಿಗಿ ಇರುತ್ತೆ ಅಂದರೆ ಚಕ್ರ ನೆಲದ ಮೇಲಿದ್ದು ಒಬ್ಬರು ಬ್ರೇಕ್ ಒತ್ತಿ ಹಿಡಿದಾಗ ಮಾತ್ರ ಅದು ಜಗ್ಗುತ್ತೆ. ಮತ್ತೆ ಇಳಿಸಿ, ನಟ್ಟಿನ ಅಂಚನ್ನು ತೋಡಿಗೆ ಬಡಿದು ಕೂರಿಸಿದ್ದನ್ನು ಎಬ್ಬಿಸಿ, ಉದ್ದ ಪೈಪು ಸಿಕ್ಕಿಸಿ ಇಬ್ಬರು ಜೋತುಬಿದ್ದಾಗ ಅದು ಬಂತು. ಆಮೇಲೆ ಬ್ರೇಕ್ ಕ್ಯಾಲಿಪರ್ ಬಿಚ್ಚಿ, ಅದರ ರಬ್ಬರ್ ಪೈಪಿನ ಮೇಲೆ ಭಾರ ಬೀಳದ ಹಾಗೆ ತಂತಿಯಲ್ಲಿ ನೇತುಹಾಕಿ, ಟೈ ರಾಡು, ಬಾಲ್ ಜಾಯಿಂಟುಗಳನ್ನು ಬಿಡಿಸಿ ಹಳೆಯ ನಕಲ್ ಹೊರಗೆ. ಪಕ್ಕದ ವೋಲ್ವೋ ಟೀಮಿನ ಹೆಂಗಸೊಬ್ಬರು ಬಾಲ್ ಜಾಯಿಂಟ್ ಬಿಡಿಸುವ ಸಾಧನ ತಂದರು. ಅದಿಲ್ಲದಿದ್ದರೆ ನಾವು ಸುತ್ತಿಗೆಯಲ್ಲಿ ಹೊಡೆದು ಅದನ್ನೂ ಹಾಳು ಮಾಡುತ್ತಿದ್ದೆವು. ಹೊಸದು ಕೂರಿಸಿದ ಮೇಲೆ ಚಕ್ರ ನೆಟ್ಟಗಿದೆಯಾ ನೋಡೋಕೆ ಕಾರಿನ ಉದ್ದಕ್ಕೂ ನೂಲು ಕಟ್ಟಿ ಅಳೆದರು. ನಮ್ಮೂರ ಗಾರೆಯವರು ಗೋಡೆ ಕಟ್ಟುವಾಗ ನೋಡುವ ಹಾಗೇನೇ!

ನನಗೆ ತುಂಬ ಇಷ್ಟವಾದ ಒಂದು ವಿಷಯ ಹೇಳಬೇಕು. ಅಷ್ಟು ಜನ ಕೈಹಾಕಿ ಮುಗಿಸಿದ ಮೇಲೆ ಕ್ಯಾಪ್ಟನ್ ಟಾರ್ಕ್ ರೆಂಚ್ ಹಿಡಿದು ಪ್ರತಿಯೊಂದು ಬೋಲ್ಟನ್ನೂ ತಾನೇ ಮತ್ತೆ ನೋಡಿದ. ಯಾರಿಗೂ ಬೇಜಾರಾಗಲಿಲ್ಲ. ಆ ಹಿರಿಯರೇ "ನೋಡು, ನೋಡು" ಅಂತ ಪಕ್ಕದಲ್ಲಿ ನಿಂತಿದ್ದರು. ನಮ್ಮ ಆಫೀಸಿನ ಕೋಡ್ ರಿವ್ಯೂ ನೆನಪಾಯ್ತು, ಅಲ್ಲಿ ಒಂದು ಸಾಲು ತಿದ್ದಿದರೆ ಎರಡು ದಿನ ಮಾತಿಲ್ಲ. ಇಲ್ಲಿ ತಪ್ಪಿದರೆ ಹೋಗೋದು ಜೀವ, ಅದಕ್ಕೇ ಏನೋ ಅಹಂಕಾರಕ್ಕೆ ಜಾಗವಿಲ್ಲ.

ಒಂದು ಗಂಟೆ ಹತ್ತು ನಿಮಿಷದಲ್ಲಿ ಕಾರು ಮತ್ತೆ ಟ್ರ್ಯಾಕಿಗಿಳಿಯಿತು. ನಾನು ತಡೆಯಲಾರದೆ ಆ ಹಿರಿಯರನ್ನು ಕೇಳಿಬಿಟ್ಟೆ. "ನಿಮ್ಮ ಹತ್ರ ಇದ್ದ ಸ್ಪೇರ್ ಇದೊಂದೇ ಅಲ್ವಾ? ನಾಳೆ ನಿಮ್ಮದೇ ಹೋದರೆ?"

"ನಾಳೆ ಹೋದರೆ ನಾಳೆ ನಾನು ಕೇಳ್ತೀನಿ" ಅಂದು ಕೈ ಒರೆಸಿಕೊಂಡು ಹೋದರು.

ಇಂಥದ್ದು ಹೊಸದೇನಲ್ಲ. 1964ರಲ್ಲಿ ಇನ್ಸ್‌ಬ್ರುಕ್ಕಿನ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹಿಮದ ಮೇಲೆ ಜಾರುವ ಬಾಬ್‌ಸ್ಲೆಡ್ ಪಂದ್ಯ ನಡೆದಾಗ, ಬ್ರಿಟನ್ನಿನ ನ್ಯಾಶ್ ಮತ್ತು ಡಿಕ್ಸನ್ ಜೋಡಿಯ ಗಾಡಿಯ ಬೋಲ್ಟು ಮುರಿದಿತ್ತು. ಎದುರಾಳಿ ಇಟಲಿಯ ಯೂಜೆನಿಯೋ ಮೋಂಟಿ ತನ್ನ ಗಾಡಿಯ ಬೋಲ್ಟನ್ನೇ ಬಿಚ್ಚಿ ಕೊಟ್ಟ. ಬ್ರಿಟನ್ನಿಗೆ ಚಿನ್ನ ಬಂತು, ಮೋಂಟಿಗೆ ಕಂಚು. ಮುಂದೆ ಅವನಿಗೆ ಕ್ರೀಡಾಮನೋಭಾವಕ್ಕೆಂದೇ ಇರುವ ಪಿಯರ್ ದ ಕುಬೆರ್ತಾಂ ಪದಕ ಸಿಕ್ಕಿತು. 1968ರಲ್ಲಿ ಎರಡು ಚಿನ್ನವನ್ನೂ ಗೆದ್ದ. ಆದರೂ ಮೋಂಟಿ ಅಂದರೆ ಜನ ಮೊದಲು ನೆನೆಯೋದು ಆ ಬೋಲ್ಟನ್ನೇ. ಲೆಮನ್ಸ್‌ನವರೂ ಏನು ಕಡಿಮೆ? ಅವರು ಕೊಡೋ ಬಹುಮಾನಗಳಲ್ಲಿ 'ಹೀರೋಯಿಕ್ ಫಿಕ್ಸ್' ಅಂತಲೇ ಒಂದಿದೆ, ಅಸಾಧ್ಯ ಅನ್ನಿಸುವಂಥ ರಿಪೇರಿ ಮಾಡಿದವರಿಗೆ.

ಭಾನುವಾರ ಹನ್ನೊಂದರ ಹೊತ್ತಿಗೆ ಹಳದಿ ಸಿವಿಕ್ ಬುಸುಬುಸು ಬಿಳಿ ಹೊಗೆ ಬಿಡುತ್ತಾ ಒಳಗೆ ಬಂತು. ಹೆಡ್ ಗ್ಯಾಸ್ಕೆಟ್ ಹೋಗಿತ್ತು. ನಾವು ಓಡಿದೆವು, ಇನ್ನೂ ಎರಡು ಟೀಮಿನವರು ಬಂದರು. ಬಿಚ್ಚಿ ನೋಡಿದರೆ ಹೆಡ್ ಕೂಡಾ ಬಾಗಿತ್ತು. ಇಡೀ ಪ್ಯಾಡಾಕಿನಲ್ಲಿ ಅದಕ್ಕೆ ಔಷಧಿ ಇರಲಿಲ್ಲ. ಹೀಗೂ ಆಗುತ್ತೆ. ನಮ್ಮ ಕ್ಯಾಪ್ಟನ್ ಸಂಕೋಚದಿಂದ "ನಿಮ್ಮ ನಕಲ್ ಬಿಚ್ಚಿ ಕೊಡ್ಲಾ?" ಅಂದ. "ನನ್ನ ಕಾರಂತೂ ನಿಂತಿದೆ, ನಕಲ್ ಆದ್ರೂ ಓಡ್ಲಿ ಬಿಡು" ಅಂದರು ಅವರು. ಕಾರನ್ನು ಟ್ರೈಲರಿಗೆ ಹತ್ತಿಸಿದ ಮೇಲೂ ಅವರು ಮನೆಗೆ ಹೋಗಲಿಲ್ಲ. ನಮ್ಮ ಕೊನೆಯ ಪೆಟ್ರೋಲ್ ಸ್ಟಾಪಿನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತವನು ಅವರ ಹುಡುಗನೇ.

ನಾವು ಬಿ ಕ್ಲಾಸಿನಲ್ಲಿ ಏಳನೆಯವರಾದೆವು. ಮನೆಗೆ ಬಂದು ನಮ್ಮ ನಕಲಿಗೆ ಪ್ರೆಸ್ಸಿನಲ್ಲಿ ಹೊಸ ಬೇರಿಂಗ್ ಹಾಕಿಸಿ, ಅವರದ್ದನ್ನು ಬಿಚ್ಚಿ ವಾಪಸ್ ಕಳಿಸೋಣ ಅಂತ ವಿಳಾಸ ಕೇಳಿದರೆ, ಕಳಿಸಬೇಡಿ, ನಿಮ್ಮ ಡಬ್ಬದಲ್ಲೇ ಇರಲಿ, ಕೇಳಿದವರಿಗೆ ಕೊಡಿ ಅಂತ ಉತ್ತರ ಬಂತು.

ನಮ್ಮ ತೀರ್ಥಹಳ್ಳಿ ಕಡೆ ಮುಯ್ಯಾಳು ಅಂತ ಇತ್ತು. ನಾಟಿಗೋ ಅಡಿಕೆ ಸುಲಿಯೋಕೋ ನೀವು ನಮ್ಮನೆಗೆ ಬಂದರೆ ನಾವು ನಿಮ್ಮನೆಗೆ ಬರೋದು. ರಾತ್ರಿ ಸಾಲಾಗಿ ಮೆಟ್ಟುಗತ್ತಿ ಹಿಡಿದು ಕೂತು ಊರಿನ ಸುದ್ದಿಯನ್ನೆಲ್ಲ ಸುಲಿಯುತ್ತಿದ್ದದ್ದು ನನಗೆ ನೆನಪಿದೆ. ದುಡ್ಡಿನ ಮಾತಿಲ್ಲ, ಆದರೆ ಲೆಕ್ಕ ಇತ್ತು. ನಾಲ್ಕು ಆಳು ಬಂದರೆ ನಾಲ್ಕು ಆಳು ಹೋಗಬೇಕು. ಈಗ ಎಷ್ಟೋ ಕಡೆ ಸುಲಿಯುವ ಮಷೀನು ಬಂದಿದೆ. ನಮ್ಮನೆಯಲ್ಲಿ ಆ ಪದ್ಧತಿ ನಿಂತಿದ್ದು ಮಾತ್ರ ಮಷೀನಿನಿಂದಲ್ಲ. ಅಪ್ಪ ಒಮ್ಮೆ ಫೋನಿನಲ್ಲಿ ಹೇಳಿದ್ದರು: "ಕರೆದ್ರೆ ಬರ್ತಾರೆ ಮಾರಾಯ. ತಿರುಗಿ ಹೋಗೋಕೆ ನಮ್ಮನೇಲಿ ಯಾರಿದಾರೆ?" ತಿರುಗಿ ಹೋಗಬೇಕಾದವನು ನಾನು, ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಅಪ್ಪ ಕರೆಯೋದನ್ನೇ ಬಿಟ್ಟರು. ಹೋದ ವರ್ಷ ಅಮ್ಮ ಅಪ್ಪ ಇಬ್ಬರೇ ತಿಂಗಳುಗಟ್ಟಲೆ ಕೂತು ಸುಲಿದರಂತೆ.

ಟ್ರ್ಯಾಕಿನ ಕತೆಯನ್ನೆಲ್ಲ ಅಪ್ಪನಿಗೆ ಹೇಳಿದೆ. ನೋಡಿ, ಇವರಲ್ಲಿ ಲೆಕ್ಕವೇ ಇಲ್ಲ, ಕೊಟ್ಟವರಿಗೇ ತೀರಿಸಬೇಕು ಅಂತಿಲ್ಲ, ಅದಕ್ಕೇ ಕೇಳೋಕೆ ಯಾರಿಗೂ ನಾಚಿಕೆಯಿಲ್ಲ ಅಂತ ಭಾಷಣವನ್ನೂ ಬಿಗಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ "ಅದೆಂತ ದೊಡ್ಡದು" ಅಂದರು. "ಕೆಳಗಿನಮನೆ ಯಜಮಾನರು ತೀರಿಹೋದ ವರ್ಷ ಅವರ ಗದ್ದೆ ನಾಟಿ ಊರೆಲ್ಲ ಸೇರಿ ಮಾಡಿತ್ತು. ಅವರ ಮನೆಯಿಂದ ತಿರುಗಿ ಬರೋಕೆ ಆಗ ಆಳೆಲ್ಲಿತ್ತು? ಯಾರೂ ಎಣಿಸ್ಲಿಲ್ಲ."

ನನ್ನ ಥಿಯರಿ ಅಲ್ಲಿಗೆ ಠುಸ್. ನಮ್ಮೂರಿನವರಿಗೂ ಲೆಕ್ಕ ಬಿಡೋದು ಗೊತ್ತಿತ್ತು, ಆದರೆ ಕಷ್ಟ ಬಂದ ಮನೆಗೆ ಮಾತ್ರ. ನಮ್ಮದು ಕಷ್ಟದ ಮನೆ ಅಂತ ಒಪ್ಪಿಕೊಳ್ಳೋಕೆ ಅಪ್ಪ ತಯಾರಿಲ್ಲ, ಮಗ ಅಮೆರಿಕದಲ್ಲಿದ್ದಾನಲ್ಲ! ಆ ಬಯಲಿನಲ್ಲಿ ಅನುಕೂಲ ಇದ್ದದ್ದು ಇಲ್ಲೇ ಅನ್ನಿಸುತ್ತೆ. ಅಲ್ಲಿ ಎಲ್ಲರ ಕಾರೂ ಲಟಾರಿ, ಎಲ್ಲರದ್ದೂ ಇವತ್ತಲ್ಲ ನಾಳೆ ಕೆಡುವಂಥದ್ದೇ. ಹಾಗಾಗಿ ಮುಚ್ಚಿಡೋಕೆ ಏನೂ ಇಲ್ಲ. ಚಕ್ರ ಅಲ್ಲಾಡಿದರೆ ಚಕ್ರ ಅಲ್ಲಾಡ್ತಿದೆ ಅಂತ ಹೇಳಿದರಾಯ್ತು, ಉಳಿದದ್ದು ತಾನಾಗೇ ನಡೆಯುತ್ತೆ.

"ಈ ಸಲ ಸುಲಿಯೋಕೆ ಕೆಳಗಿನಮನೆಯವರನ್ನ ಕೇಳಬಹುದಲ್ವಾ" ಅಂದೆ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. "ನೋಡೋಣ, ಮಳೆ ನಿಲ್ಲಲಿ ಮೊದಲು" ಅಂದು ಅಮ್ಮನಿಗೆ ಫೋನ್ ಕೊಟ್ಟರು.

ನಿಮ್ಮೂರಿನ ಕಡೆ ಮುಯ್ಯಾಳಿಗೆ ಏನಂತಾರೆ? ಇನ್ನೂ ಉಳಿದಿದೆಯಾ? ಗೊತ್ತಿದ್ದವರು ಹೇಳಿ. ಹಾಗೇ, ಯಾರಿಗಾದರೂ 1993ರ ಸಿವಿಕ್ಕಿನ ಎಡಗಡೆ ನಕಲ್ ಬೇಕಿದ್ದರೆ ಅದನ್ನೂ ಹೇಳಿ. ಒಂದಿದೆ, ನಮ್ಮದಲ್ಲ, ಆದರೆ ಕೊಡ್ತೀವಿ.